ಜೀವಶಾಸ್ತ್ರದ ಪದವಿಗೆ ಮುನ್ನ ಒಂದು ಬುನಾದಿ ವರ್ಷ ಬೇಕು

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ವಾರದಿಂದಲೇ ಹುಬ್ಬಳ್ಳಿ-ಧಾರವಾಡದ ರಸ್ತೆಗಳ ಇಕ್ಕೆಲದಲ್ಲಿ ನೀಟ್ 'ಲಾಂಗ್ ಟರ್ಮ್' ತರಗತಿಗಳ ಫಲಕಗಳು ಏಳುತ್ತವೆ. ಪಿಯುಸಿ ಮುಗಿಸಿದ ಮಗನೋ ಮಗಳೋ ಇನ್ನೊಂದು ಇಡೀ ವರ್ಷ ಅದೇ ಪಾಠಗಳನ್ನು ಓದಿ ಮತ್ತೆ ಪರೀಕ್ಷೆಗೆ ಕೂಡ್ರಲಿ ಎಂದು ತಂದೆ-ತಾಯಿ ಹೊಲವನ್ನು ಲಾವಣಿಗೆ ಕೊಟ್ಟು, ಬಂಗಾರ ಒತ್ತೆಯಿಟ್ಟು ಹಣ ಹೊಂದಿಸುತ್ತಾರೆ. ಆ ವರ್ಷ ಹಾಳಾಯಿತೆಂದು ಯಾರೂ ಅನ್ನುವುದಿಲ್ಲ. ಆದರೆ ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಲು ಬರುವ ವಿದ್ಯಾರ್ಥಿಗಳಿಗೆ ಪದವಿಗೆ ಮುನ್ನ ಒಂದು ವರ್ಷದ ತಯಾರಿ ಕೊಡೋಣ ಎಂದು ಸಭೆಗಳಲ್ಲಿ ನಾನು ಹೇಳಿದಾಗಲೆಲ್ಲ, "ಬಡವರ ಮಕ್ಕಳ ಒಂದು ವರ್ಷ ಯಾಕೆ ಹಾಳು ಮಾಡುತ್ತೀರಿ?" ಎಂಬ ಮಾತೇ ಬಂದಿದೆ. ಆ ಮಾತಿಗೆ ನಿಮ್ಮ ಪತ್ರಿಕೆಯ ಮೂಲಕ ಉತ್ತರ ಕೊಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಪ್ರವೇಶಾತಿಯ ದಿನಗಳು ಹತ್ತಿರ ಬಂದಿರುವುದರಿಂದ ತಡಮಾಡಬಾರದು ಎನ್ನಿಸಿತು.

ನಾನು ಗದಗ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಮೊದಲ 9 ವರ್ಷ ಪದವಿಪೂರ್ವ ಕಾಲೇಜಿನಲ್ಲಿ, ನಂತರ 22 ವರ್ಷ ಪದವಿ ಕಾಲೇಜುಗಳಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾಗಿದ್ದೇನೆ. ಪಿಯುಸಿ ತರಗತಿಯಿಂದ ಹೊರಗೆ ಹೋಗುವ ಮಕ್ಕಳನ್ನೂ, ಬಿ.ಎಸ್ಸಿ. ತರಗತಿಯೊಳಗೆ ಬರುವ ಮಕ್ಕಳನ್ನೂ ನೋಡಿದ್ದೇನೆ. ಎರಡೂ ಕಡೆ ನಿಂತು ನೋಡಿದ್ದರಿಂದ, ನಡುವೆ ಇರುವ ಕಂದಕ ಎಷ್ಟು ಆಳವಾಗಿದೆ ಎಂಬುದು ನನಗೆ ಗೊತ್ತು.

ಒಂದು ದಿನದ ಪ್ರಯೋಗ ತರಗತಿಯನ್ನು ಹೇಳಿದರೆ ಓದುಗರಿಗೆ ನನ್ನ ಮಾತು ಸ್ಪಷ್ಟವಾಗಬಹುದು. ಮೊದಲ ಸೆಮಿಸ್ಟರಿನ ಮೊದಲ ಪ್ರಯೋಗ, ಉಳ್ಳಾಗಡ್ಡಿಯ ಪೊರೆ. ಉಳ್ಳಾಗಡ್ಡಿಯ ಎಸಳಿನ ಒಳಮೈಯಿಂದ ತೆಳುವಾದ ಪೊರೆಯನ್ನು ಚಿಮಟದಿಂದ ಸುಲಿದು, ಸಫ್ರನಿನ್ ಬಣ್ಣದಲ್ಲಿ ಅದ್ದಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಗ್ಲಿಸರಿನ್‌ನಲ್ಲಿ ಹರಡಿ, ಮೇಲೆ ತೆಳುಗಾಜಿನ ಚೂರಾದ ಕವರ್ ಸ್ಲಿಪ್ ಇಡಬೇಕು. ಕವರ್ ಸ್ಲಿಪ್ಪನ್ನು ಸೂಜಿಯ ಆಧಾರದಲ್ಲಿ ಓರೆಯಾಗಿ ಹಿಡಿದು ನಿಧಾನವಾಗಿ ಇಳಿಸದಿದ್ದರೆ ಒಳಗೆ ಗಾಳಿಯ ಗುಳ್ಳೆಗಳು ಸಿಕ್ಕಿಹಾಕಿಕೊಳ್ಳುತ್ತವೆ. ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದ ಹುಡುಗಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಬಹಳ ಹೊತ್ತು ನೋಡಿ, ತನ್ನ ದಾಖಲೆ ಪುಸ್ತಕದಲ್ಲಿ ಮೂರು ದುಂಡನೆಯ ಕಪ್ಪು ಅಂಚಿನ ಉಂಗುರಗಳನ್ನು ಬಿಡಿಸಿ, ಕೆಳಗೆ 'ಜೀವಕೋಶಗಳು' ಎಂದು ಬರೆದಳು. ಅವಳು ಬಿಡಿಸಿದ್ದು ಗಾಳಿಯ ಗುಳ್ಳೆಗಳನ್ನು. ಅವುಗಳ ಹಿಂದೆಯೇ, ಇಟ್ಟಿಗೆ ಜೋಡಿಸಿದಂತೆ ಸಾಲಾಗಿ ನಿಂತಿದ್ದ ನಸುಗೆಂಪು ಬಣ್ಣದ ಕೋಶಗಳು ಅವಳ ಕಣ್ಣಿಗೆ ಬೀಳಲೇ ಇಲ್ಲ. ಏನು ನೋಡಬೇಕೆಂದು ಯಾರೂ ಅವಳಿಗೆ ಅದುವರೆಗೆ ತೋರಿಸಿರಲಿಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದಿದ್ದ ಆ ಹುಡುಗಿ, ಸೂಕ್ಷ್ಮದರ್ಶಕದ ಚಕ್ರವನ್ನು ತನ್ನ ಕೈಯಿಂದ ತಿರುಗಿಸಿದ್ದು ಅದೇ ಮೊದಲ ಸಲ.

ಇದರಲ್ಲಿ ಅವಳ ತಪ್ಪು ಏನೂ ಇಲ್ಲ. ಪಿಯುಸಿಯಲ್ಲಿ ಪ್ರಾಯೋಗಿಕ ಪರೀಕ್ಷೆಗೆ 30 ಅಂಕಗಳಿವೆ. ಆ ಅಂಕಗಳನ್ನು ಉದಾರವಾಗಿ ಕೊಡುವುದು ಎಲ್ಲ ಕಡೆ ರೂಢಿಯಾಗಿದೆ. ಮೂರು ಸೂಕ್ಷ್ಮದರ್ಶಕಗಳಿಗೆ 80 ಮಕ್ಕಳಿರುವ ಕಡೆ ದಾಖಲೆ ಪುಸ್ತಕದಲ್ಲಿ ಚಿತ್ರಗಳನ್ನು ನೋಡಿ ಬಿಡಿಸಿದರೆ ಸಾಕೆಂದು ಸಹಿ ಮಾಡುತ್ತಾರೆ. ನಾನು ಪದವಿಪೂರ್ವ ಕಾಲೇಜಿನಲ್ಲಿದ್ದಾಗ ಅಂಥ ಸಹಿಗಳನ್ನು ನಾನೂ ಮಾಡಿದ್ದೇನೆ, ಅದರ ಬಗ್ಗೆ ನನಗೆ ಇಂದಿಗೂ ನೋವಿದೆ. ಅದರ ಮೇಲೆ ನೀಟ್ ಪರೀಕ್ಷೆಯ ಒತ್ತಡ ಬೇರೆ. ಆ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರದವೇ ಆಗಿರುವುದರಿಂದ, ಜೀವಶಾಸ್ತ್ರಕ್ಕೆ ಹಿಂದೆಂದೂ ಇಲ್ಲದ ಮಹತ್ವ ಬಂದಿದೆ ಎಂದು ಹೊರಗಿನವರಿಗೆ ಅನ್ನಿಸಬಹುದು. ವಾಸ್ತವದಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಆ ಪರೀಕ್ಷೆಗೆ ಸಿದ್ಧವಾಗುವ ಮಗು ಒಂದು ಎಲೆಯನ್ನು ಸೀಳಿ ನೋಡುವ ಅಗತ್ಯವೇ ಬೀಳುವುದಿಲ್ಲ. ವೈದ್ಯಕೀಯ ಸೀಟು ಸಿಕ್ಕವರು ಹೋಗುತ್ತಾರೆ. ಸಿಗದ ಬಹಳಷ್ಟು ಮಕ್ಕಳು, ಮನಸ್ಸು ಮುರಿದುಕೊಂಡು, ಬಿ.ಎಸ್ಸಿ. ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ತರಗತಿಗೆ ಬಂದು ಕೂಡ್ರುತ್ತಾರೆ. ಅವರೊಂದಿಗೆ, ನೀಟ್ ಬರೆಯುವ ಯೋಚನೆಯನ್ನೇ ಮಾಡದ, ಜೀವಶಾಸ್ತ್ರವೇ ಬೇಕೆಂದು ಬಂದ ಹಳ್ಳಿಯ ಮಕ್ಕಳೂ ಇರುತ್ತಾರೆ. ಇಬ್ಬರಿಗೂ ಬುನಾದಿ ಇರುವುದಿಲ್ಲ, ಕಾರಣಗಳು ಮಾತ್ರ ಬೇರೆ ಬೇರೆ.

ಭಾಷೆಯ ತೊಡಕು ಇದಕ್ಕಿಂತ ದೊಡ್ಡದು. ಹತ್ತನೆಯ ತರಗತಿಯವರೆಗೆ ಜೀವಕೋಶ, ಅಂಗಾಂಶ, ಪತ್ರರಂಧ್ರ, ಅಭಿಸರಣೆ, ದ್ಯುತಿಸಂಶ್ಲೇಷಣೆ ಎಂದು ಕಲಿತ ವಿದ್ಯಾರ್ಥಿಗೆ, ಒಂದು ಬೇಸಿಗೆ ರಜೆ ಕಳೆಯುವಷ್ಟರಲ್ಲಿ ಅವೆಲ್ಲವೂ ಸೆಲ್, ಟಿಶ್ಯೂ, ಸ್ಟೊಮಾಟಾ, ಆಸ್ಮಾಸಿಸ್, ಫೋಟೊಸಿಂಥೆಸಿಸ್ ಆಗಿಬಿಡುತ್ತವೆ. ಹಳೆಯ ಪದಕ್ಕೂ ಹೊಸ ಪದಕ್ಕೂ ನಡುವಿನ ನಂಟನ್ನು ಯಾರೂ ಕಟ್ಟಿಕೊಡುವುದಿಲ್ಲ. ಹೀಗಾಗಿ ಪತ್ರರಂಧ್ರದ ಬಗ್ಗೆ ಚೆನ್ನಾಗಿ ತಿಳಿದ ಹುಡುಗ ಸ್ಟೊಮಾಟಾ ಎಂಬುದು ಬೇರೆ ಯಾವುದೋ ಹೊಸ ಸಂಗತಿ ಎಂದುಕೊಂಡು ಅದನ್ನು ಬಾಯಿಪಾಠ ಮಾಡುತ್ತಾನೆ. ಅವನಿಗೆ ಇದ್ದ ತಿಳಿವಳಿಕೆಯೂ ಉಪಯೋಗಕ್ಕೆ ಬರುವುದಿಲ್ಲ, ಹೊಸದೂ ತಲೆಗೆ ಹತ್ತುವುದಿಲ್ಲ. ನಾನು ನನ್ನ ಕೊನೆಯ ವರ್ಷಗಳಲ್ಲಿ ತರಗತಿಯ ಮೊದಲ ಹತ್ತು ನಿಮಿಷಗಳನ್ನು ಪದಗಳನ್ನು ಬಿಡಿಸುವುದಕ್ಕೆ ಮೀಸಲಿಟ್ಟಿದ್ದೆ. 'ಗ್ಲೈಕೊ' ಎಂದರೆ ಸಿಹಿ, 'ಲಿಸಿಸ್' ಎಂದರೆ ಬಿಡಿಸುವುದು. ಇಷ್ಟು ಹೇಳಿದರೆ ಗ್ಲೈಕೊಲಿಸಿಸ್ ಎಂದರೆ ಸಕ್ಕರೆಯನ್ನು ಒಡೆಯುವ ಕ್ರಿಯೆ ಎಂದು ಮಗು ತಾನೇ ಹೇಳುತ್ತದೆ, ಹಿಮೊಲಿಸಿಸ್ ಬಂದಾಗ ರಕ್ತಕಣ ಒಡೆಯುವುದಿರಬೇಕೆಂದು ತಾನೇ ಊಹಿಸುತ್ತದೆ. ಆದರೆ ಇಂಥ ಕೆಲಸವನ್ನು ಪದವಿಯ ಪಠ್ಯಕ್ರಮದ ಓಟದ ನಡುವೆ ಕದ್ದ ಹತ್ತು ನಿಮಿಷಗಳಲ್ಲಿ ಮಾಡಿ ಮುಗಿಸಲು ಆಗುವುದಿಲ್ಲ. ಅದಕ್ಕೆ ತಿಂಗಳುಗಳೇ ಬೇಕು.

ಇಲ್ಲಿ ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ರಾಣೆಬೆನ್ನೂರಿನ ಸುತ್ತಮುತ್ತ ಬೀಜೋತ್ಪಾದನೆಯ ಪ್ಲಾಟುಗಳಿರುವುದು ನಮ್ಮ ಭಾಗದವರಿಗೆಲ್ಲ ಗೊತ್ತಿದೆ. ಅಲ್ಲಿ ಹೆಣ್ಣುಮಕ್ಕಳು ಮಾಡುವ ಕೆಲಸಕ್ಕೆ ಊರಿನಲ್ಲಿ 'ಕ್ರಾಸಿಂಗ್' ಎಂದೇ ಹೆಸರು. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆಯ ಹೊತ್ತು ಗುರುತಿಸಿ, ಅದರೊಳಗಿನ ಗಂಡು ಭಾಗವಾದ ಕೇಸರಗಳನ್ನು ಉಗುರಿನಿಂದಲೋ ಚಿಮಟದಿಂದಲೋ ತೆಗೆದು, ಹೆಣ್ಣು ಭಾಗದ ಶಲಾಕೆಗೆ ಪೆಟ್ಟಾಗದಂತೆ ನೋಡಿಕೊಂಡು, ಗುರುತಿಗೆ ಒಂದು ಕಾಗದದ ಚೀಟಿಯನ್ನೋ ದಾರವನ್ನೋ ಹಾಕಿ ಬರುತ್ತಾರೆ. ಮರುದಿನ ಬೆಳಿಗ್ಗೆ ಗಂಡುಸಾಲಿನ ಹೂವು ತಂದು ಅದರ ಪರಾಗವನ್ನು ಶಲಾಕೆಯ ತುದಿಗೆ ಸವರುತ್ತಾರೆ. ಒಮ್ಮೆ ನಾನು ಸಸ್ಯ ತಳಿವರ್ಧನೆಯ ಪಾಠದಲ್ಲಿ 'ಇಮ್ಯಾಸ್ಕ್ಯುಲೇಷನ್' ಎಂಬ ಪದವನ್ನು ಹಲಗೆಯ ಮೇಲೆ ಬರೆದು, ದಾಸವಾಳದ ಮೊಗ್ಗೊಂದನ್ನು ಸೀಳಿ ಕೇಸರಗಳನ್ನು ತೆಗೆದು ತೋರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಇದನ್ನ ನಮ್ಮವ್ವ ದಿನಾ ಸಂಜಿಗೆ ಮಾಡತಾಳ್ರಿ. ಇದಕ್ಕ ಇಷ್ಟು ದೊಡ್ಡ ಹೆಸರು ಐತಿ ಅಂತ ಗೊತ್ತಿರಲಿಲ್ರಿ" ಎಂದಳು. ಅವಳು ಪಿಯುಸಿಯಲ್ಲಿ ಅದೇ ಪದವನ್ನು ಓದಿ, ಅದರ ವ್ಯಾಖ್ಯೆಯನ್ನು ಪರೀಕ್ಷೆಯಲ್ಲಿ ಬರೆದು, ಎರಡು ಅಂಕವನ್ನೂ ಪಡೆದಿದ್ದಳು. ಆದರೆ ಪುಸ್ತಕದ ಆ ಪದ ಮತ್ತು ತನ್ನ ತಾಯಿಯ ಬೆರಳುಗಳು ಮಾಡುವ ಕೆಲಸ ಒಂದೇ ಎಂದು ಎರಡು ವರ್ಷ ಅವಳಿಗೆ ಹೊಳೆದಿರಲಿಲ್ಲ. ಧಾರವಾಡದಲ್ಲಿ 1972ರಲ್ಲಿ ರೂಪುಗೊಂಡು ಇಡೀ ದೇಶದ ಹತ್ತಿ ಬೆಳೆಗಾರರಿಗೆ ಪರಿಚಯವಾದ 'ವರಲಕ್ಷ್ಮಿ' ಹೈಬ್ರಿಡ್ ಹತ್ತಿಯ ಬೀಜ ತಯಾರಾಗುತ್ತಿದ್ದುದೂ ಇಂಥದೇ ಕೈಗಳಿಂದ, ಹೂವೊಂದೊಂದಕ್ಕೂ ಹೀಗೆ ಕ್ರಾಸಿಂಗ್ ಮಾಡಿ. ಅಂಥ ನೆಲದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಜೀವಶಾಸ್ತ್ರ ಪರಕೀಯ ವಿಷಯವಾಗಿ ಕಾಣುತ್ತಿದೆ ಎಂದರೆ ಕಲಿಸುವ ಕ್ರಮದಲ್ಲೇ ದೋಷವಿದೆ.

ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವರ ಸ್ಥಿತಿ ಹೀಗಾದರೆ, ತೆಗೆದುಕೊಳ್ಳದವರಿಗೆ ಬಾಗಿಲೇ ಇಲ್ಲ. ನಮ್ಮ ಎಷ್ಟೋ ಹೋಬಳಿಗಳ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ವಿಜ್ಞಾನ ವಿಭಾಗ ಇಲ್ಲ. ಹತ್ತಿರದ ಕಾಲೇಜಿನಲ್ಲಿ ಇದ್ದದ್ದು ಕಲಾ ವಿಭಾಗ ಮಾತ್ರ ಎಂಬ ಒಂದೇ ಕಾರಣಕ್ಕೆ, ವಿಜ್ಞಾನದಲ್ಲಿ ಚುರುಕಾಗಿದ್ದ ಮಕ್ಕಳು 16ನೆಯ ವಯಸ್ಸಿನಲ್ಲಿ ಇತಿಹಾಸ, ಸಮಾಜಶಾಸ್ತ್ರ ಓದಲು ಹೋಗುತ್ತಾರೆ. ಆ ವಿಷಯಗಳು ಕಡಿಮೆಯವೆಂದು ನಾನು ಹೇಳುತ್ತಿಲ್ಲ, ಆದರೆ ಆ ಮಕ್ಕಳು ಅವುಗಳನ್ನು ಆರಿಸಿಕೊಂಡಿರಲಿಲ್ಲ. ಎರಡು ವರ್ಷದ ಬಳಿಕ ಅವರಲ್ಲಿ ಒಬ್ಬರಿಗೆ ಸಸ್ಯಶಾಸ್ತ್ರ ಓದಬೇಕೆನ್ನಿಸಿದರೆ ಬಿ.ಎಸ್ಸಿ.ಗೆ ಅರ್ಹತೆ ಇರುವುದಿಲ್ಲ. ಮತ್ತೆ ಮೊದಲಿನಿಂದ ಪಿಯುಸಿ ವಿಜ್ಞಾನಕ್ಕೆ ಸೇರಬೇಕು. ಡಿಪ್ಲೊಮಾ ಮಾಡಿದವನಿಗೆ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ದಾರಿ ಮಾಡಿಕೊಟ್ಟ ನಾವು, ವಿಜ್ಞಾನಕ್ಕೆ ತಡವಾಗಿ ಒಲಿದ ವಿದ್ಯಾರ್ಥಿಗೆ ಅಂಥ ಒಂದು ಕಿರುದಾರಿಯನ್ನೂ ಮಾಡಿಲ್ಲ.

ಇಂಗ್ಲೆಂಡಿನ ಹಲವು ವಿಶ್ವವಿದ್ಯಾಲಯಗಳು ಈ ಪ್ರಶ್ನೆಗೆ ಒಂದು ಉತ್ತರವನ್ನು ಕಂಡುಕೊಂಡಿವೆ. ಅಲ್ಲಿ ಜೀವಶಾಸ್ತ್ರದ ಪದವಿ ಸಾಮಾನ್ಯವಾಗಿ ಮೂರು ವರ್ಷದ್ದು. ಶಾಲೆಯ ಕೊನೆಯ ಹಂತದಲ್ಲಿ ಬೇಕಾದ ವಿಜ್ಞಾನ ವಿಷಯಗಳನ್ನು ಓದದವರು, ಅಂಕ ಸಾಲದವರು, ಕೆಲವು ವರ್ಷ ದುಡಿದು ಮತ್ತೆ ಓದಲು ಬಂದವರು, ಅದೇ ಪದವಿಗೆ 'ಫೌಂಡೇಶನ್ ಇಯರ್' ಸೇರಿಸಿದ ನಾಲ್ಕು ವರ್ಷದ ಕೋರ್ಸಿಗೆ ಅರ್ಜಿ ಹಾಕಬಹುದು. 'ಸೊನ್ನೆ ವರ್ಷ' ಎಂದು ಕರೆಯುವ ಆ ಮೊದಲ ವರ್ಷದಲ್ಲಿ ಜೀವಶಾಸ್ತ್ರದ ಮೂಲಾಂಶಗಳು, ರಸಾಯನಶಾಸ್ತ್ರ, ಬೇಕಾದಷ್ಟು ಗಣಿತ, ಪ್ರಯೋಗಾಲಯದ ಕೆಲಸ, ವರದಿ ಬರೆಯುವ ಕ್ರಮ ಇವನ್ನು ಕಲಿಸುತ್ತಾರೆ. ನಿಗದಿತ ಮಟ್ಟ ಮುಟ್ಟಿದವರು ಅದೇ ವಿಶ್ವವಿದ್ಯಾಲಯದ ಮೊದಲ ವರ್ಷಕ್ಕೆ ಮುಂದುವರಿಯುತ್ತಾರೆ, ಮತ್ತೆ ಅರ್ಜಿ ಹಾಕಬೇಕಿಲ್ಲ. ಈ ಕೊನೆಯ ಅಂಶ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ವಿದ್ಯಾರ್ಥಿ ಮೊದಲ ದಿನದಿಂದಲೇ ವಿಶ್ವವಿದ್ಯಾಲಯದವನಾಗಿರುತ್ತಾನೆ, ಹೊರಗೆ ಸರದಿಯಲ್ಲಿ ಕಾಯುವವನಾಗಿರುವುದಿಲ್ಲ. ದಕ್ಷಿಣ ಆಫ್ರಿಕದಲ್ಲೂ, ವರ್ಣಭೇದದ ಕಾಲದ ಶಾಲೆಗಳು ಬಿಟ್ಟುಹೋದ ಅಂತರವನ್ನು ತುಂಬಲು, ವಿಜ್ಞಾನ ಪದವಿಯನ್ನು ಒಂದು ವರ್ಷ ಹಿಗ್ಗಿಸಿ ಕಲಿಸುವ ಕೋರ್ಸುಗಳಿವೆ.

ಇಂಗ್ಲೆಂಡಿನ ವ್ಯವಸ್ಥೆಯನ್ನು ಹಾಗೆಯೇ ಎತ್ತಿ ತರಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿ ಆ ಹೆಚ್ಚಿನ ವರ್ಷದ ಶುಲ್ಕ ವಿದ್ಯಾರ್ಥಿಯ ಸಾಲದ ಲೆಕ್ಕಕ್ಕೇ ಸೇರುತ್ತದೆ. 2025-26ರಿಂದ ತರಗತಿಯಲ್ಲಷ್ಟೇ ನಡೆಯುವ ವಿಷಯಗಳ ಬುನಾದಿ ವರ್ಷದ ಶುಲ್ಕಕ್ಕೆ 5,760 ಪೌಂಡ್‌ಗಳ ಮಿತಿ ಹಾಕಿದ್ದಾರೆ, ಆದರೆ ಪ್ರಯೋಗಾಲಯ ಬೇಕಾಗುವ ವಿಜ್ಞಾನ ವಿಷಯಗಳಿಗೆ ಪದವಿಯ ಪೂರ್ಣ ಶುಲ್ಕ, ಅಂದರೆ ಆ ವರ್ಷ 9,535 ಪೌಂಡ್‌ಗಳವರೆಗೆ, ಪಡೆಯಲು ಬಿಟ್ಟಿದ್ದಾರೆ. ಪ್ರಯೋಗಾಲಯ ಅಗ್ಗವಾಗಿ ನಡೆಯುವುದಿಲ್ಲ ಎಂಬುದನ್ನು ಅವರು ಒಪ್ಪಿಕೊಂಡಿದ್ದಾರೆ. ನಾವೂ ಒಪ್ಪಿಕೊಳ್ಳಬೇಕು. ಆದರೆ ಆ ಭಾರ ನಮ್ಮಲ್ಲಿ ವಿದ್ಯಾರ್ಥಿಯ ಮೇಲೆ ಬೀಳಬಾರದು.

ಬುನಾದಿ ವರ್ಷದಲ್ಲಿ ಏನು ಕಲಿಸಬೇಕು ಎಂಬ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಪಿಯುಸಿ ಪಠ್ಯವನ್ನು ಮತ್ತೊಮ್ಮೆ ಓದಿಸುವ ಟ್ಯೂಷನ್ ಆದರೆ ಅದು ಬೇಡವೇ ಬೇಡ. ವಾರದ ಅರ್ಧ ಸಮಯ ಪ್ರಯೋಗಾಲಯದಲ್ಲಿ ಮತ್ತು ಬಯಲಿನಲ್ಲಿ ಕಳೆಯಬೇಕು. ಒಂದು ಲೀಟರ್ ನೀರಿನಲ್ಲಿ 0.9 ಪ್ರತಿಶತ ಉಪ್ಪಿನ ದ್ರಾವಣ ಮಾಡಲು 9 ಗ್ರಾಂ ಉಪ್ಪು ಬೇಕೋ 90 ಗ್ರಾಂ ಬೇಕೋ ಎಂದು ಅಂತಿಮ ವರ್ಷದ ವಿದ್ಯಾರ್ಥಿಗಳೂ ತಡವರಿಸಿದ್ದನ್ನು ನಾನು ಕಂಡಿದ್ದೇನೆ. ಅಂಥ ದ್ರಾವಣದಲ್ಲಿ ಒಡೆಯದ ರಕ್ತಕಣಗಳು ಬರಿಯ ನೀರಿನಲ್ಲಿ ಹಾಕಿದರೆ ಯಾಕೆ ಒಡೆಯುತ್ತವೆ, ಮಾವಿನಕಾಯಿ ಹೋಳುಗಳಿಗೆ ಉಪ್ಪು ಸವರಿ ರಾತ್ರಿ ಇಟ್ಟರೆ ಬೆಳಗಾಗುವುದರೊಳಗೆ ಭರಣಿಯ ತಳದಲ್ಲಿ ಯಾಕೆ ನೀರು ನಿಲ್ಲುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಎಂದು ಕೈಯಾರೆ ಮಾಡಿ ತಿಳಿದ ವಿದ್ಯಾರ್ಥಿ, ಕೋಶದ ಪೊರೆಯ ಮೂಲಕ ನೀರು ಉಪ್ಪು ಹೆಚ್ಚಿರುವ ಕಡೆಗೆ ಸರಿಯುವ ಅಭಿಸರಣೆಯನ್ನು ಜೀವಮಾನದಲ್ಲಿ ಮರೆಯುವುದಿಲ್ಲ.

ಗಣಿತವನ್ನು ಕಂಡರೆ ಹೆದರಿ ಜೀವಶಾಸ್ತ್ರಕ್ಕೆ ಬರುವವರು ನಮ್ಮಲ್ಲಿ ಬಹಳ. ಜೀವಶಾಸ್ತ್ರದಲ್ಲಿ ಲೆಕ್ಕವಿಲ್ಲ ಎಂಬ ತಪ್ಪು ತಿಳಿವಳಿಕೆಯನ್ನು ಮೊದಲ ತಿಂಗಳಲ್ಲೇ ಹೋಗಲಾಡಿಸಬೇಕು. ತಳಿಶಾಸ್ತ್ರಕ್ಕೆ ಅಡಿಪಾಯ ಹಾಕಿದ ಮೆಂಡೆಲ್ ಬಟಾಣಿಯ ಎರಡನೆಯ ಪೀಳಿಗೆಯಲ್ಲಿ 5,474 ದುಂಡನೆಯ ಕಾಳುಗಳನ್ನೂ 1,850 ಸುಕ್ಕುಗಟ್ಟಿದ ಕಾಳುಗಳನ್ನೂ ಎಣಿಸಿ, ತನ್ನ ಫಲಿತಾಂಶವನ್ನು 1866ರಲ್ಲಿ ಪ್ರಕಟಿಸಿದ. ನಮ್ಮ ಮಕ್ಕಳು ಇದನ್ನು 'ಮೂರಕ್ಕೆ ಒಂದು' ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಒಮ್ಮೆ ಒಬ್ಬ ಹುಡುಗ ಮಾತ್ರ ಭಾಗಿಸಿ ನೋಡಿ, "ಮೇಡಂ, ಸರಿಯಾಗಿ ಮೂರಕ್ಕ ಒಂದು ಆಗಿದ್ರ ದುಂಡನವು 5,493 ಇರಬೇಕಿತ್ತಲ್ರಿ, ಉಳಿದ 19 ಕಾಳು ಎಲ್ಲಿ ಹೋದವ್ರಿ?" ಎಂದು ಕೇಳಿದ. ನನ್ನ ಸೇವೆಯ ಅವಧಿಯಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆಗಳಲ್ಲಿ ಅದೂ ಒಂದು. ಆ 19 ಕಾಳುಗಳ ಅಂತರ ಆಕಸ್ಮಿಕವೋ, ಸಿದ್ಧಾಂತದಲ್ಲೇ ದೋಷವಿದೆಯೋ ಎಂದು ತೀರ್ಮಾನಿಸುವುದಕ್ಕಾಗಿಯೇ ಸಂಖ್ಯಾಶಾಸ್ತ್ರ ಇದೆ. ಅಂದಿನ ತರಗತಿಯಲ್ಲಿ ಉಳಿದಿದ್ದ ಹದಿನೈದು ನಿಮಿಷಗಳಲ್ಲಿ ಅವನಿಗೆ ನಾನು ಪೂರ್ತಿ ಉತ್ತರ ಕೊಡಲಾಗಲಿಲ್ಲ, ಮರುದಿನ ಬೇರೆ ಅಧ್ಯಾಯ ಶುರುವಾಗಬೇಕಿತ್ತು. ಬುನಾದಿ ವರ್ಷವೊಂದಿದ್ದರೆ ಆ ಪ್ರಶ್ನೆಯ ಮೇಲೆಯೇ ಒಂದು ವಾರ ಕಳೆಯಬಹುದಿತ್ತು.

ಬಯಲಿನ ಕೆಲಸಕ್ಕೆ ನಮ್ಮ ಜಿಲ್ಲೆಗಳಷ್ಟು ಅನುಕೂಲದ ಜಾಗ ಬೇರೆ ಎಲ್ಲಿದೆ? ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯವನ್ನು ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿವೆ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿಯೊಂದನ್ನೇ ಹಿಡಿದುಕೊಂಡು ತಳಿಶಾಸ್ತ್ರ, ಜೀವರಸಾಯನಶಾಸ್ತ್ರ, ಸಸ್ಯರೋಗಶಾಸ್ತ್ರ ಮೂರನ್ನೂ ಕಲಿಸಬಹುದು. ಇವೆಲ್ಲವೂ ನಮ್ಮ ಕಾಲೇಜುಗಳಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ದೂರದಲ್ಲಿವೆ. ಆದರೂ ಮೂರು ವರ್ಷದ ಪದವಿಯಲ್ಲಿ ಒಮ್ಮೆ ಎಲ್ಲಿಗೋ ದೂರದ ಪ್ರವಾಸ ಹೋಗಿ, ಗುಂಪಿನ ಫೋಟೊ ತೆಗೆಸಿಕೊಂಡು ಬಂದು, 'ಕ್ಷೇತ್ರ ಅಧ್ಯಯನ' ಮುಗಿಯಿತೆಂದು ವರದಿ ಕೊಡುವ ಪದ್ಧತಿ ನಡೆದುಕೊಂಡು ಬಂದಿದೆ.

ನನ್ನ ಸಲಹೆಗೆ ಬರಬಹುದಾದ ಮೊದಲ ಆಕ್ಷೇಪ, ನಾಲ್ಕು ವರ್ಷದ ಪದವಿಯನ್ನು ಈಗಷ್ಟೇ ಕೈಬಿಟ್ಟಿರುವಾಗ ಇದೇನು ಮತ್ತೆ ನಾಲ್ಕು ವರ್ಷ ಎಂಬುದು. ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ 2021-22ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ನಾಲ್ಕು ವರ್ಷದ ಪದವಿಯನ್ನು 2024ರ ಮೇ ತಿಂಗಳ ಆದೇಶದ ಮೂಲಕ ಕೈಬಿಟ್ಟು, 2024-25ರಿಂದ ಮೂರು ವರ್ಷದ ಪದವಿಗೆ ಮರಳಿದ್ದೇವೆ. ಆ ಯೋಜನೆಯಲ್ಲಿ ಸೇರಿಸಿದ ವರ್ಷ ಕೊನೆಗಿತ್ತು. ಮೂರು ವರ್ಷ ಎಡವದೆ ದಾಟಿ ಬಂದವರಿಗೆ, ಸಂಶೋಧನೆಯತ್ತ ಹೋಗುವವರಿಗೆ ಅದರಿಂದ ಲಾಭವಿತ್ತು. ಆದರೆ ನಮ್ಮ ಮಕ್ಕಳು ಬೀಳುವುದು ಮೊದಲ ಎರಡು ಸೆಮಿಸ್ಟರುಗಳಲ್ಲಿ. ಅಲ್ಲಿ ಉಳಿದ ರಸಾಯನಶಾಸ್ತ್ರದ ಬಾಕಿ ವಿಷಯವನ್ನು ಐದನೆಯ, ಆರನೆಯ ಸೆಮಿಸ್ಟರಿನವರೆಗೂ ಹೊತ್ತುಕೊಂಡು ಬಂದು, ಪದವಿ ಮುಗಿದ ಮೇಲೂ ಒಂದೋ ಎರಡೋ ವರ್ಷ ಅದೇ ಪತ್ರಿಕೆಯನ್ನು ಮತ್ತೆ ಮತ್ತೆ ಬರೆಯುವವರನ್ನು ನಾನು ವರ್ಷವೂ ಕಂಡಿದ್ದೇನೆ. ಆ ವರ್ಷಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಸ್ಟೆಲ್ ಇಲ್ಲ, ವಿದ್ಯಾರ್ಥಿವೇತನ ಇಲ್ಲ, ಕಲಿಸುವವರೂ ಇಲ್ಲ, ಮನೆಯಲ್ಲಿ ಕುಳಿತು ಓದಿದ್ದೇ ಓದು. ಹೇಗಿದ್ದರೂ ಒಂದು ವರ್ಷ ಹೋಗುತ್ತಿದೆ. ಅದು ಕೊನೆಯಲ್ಲಿ ಅವಮಾನದೊಂದಿಗೆ ಹೋಗುವ ಬದಲು ಆರಂಭದಲ್ಲಿ ಗುರುಗಳ ಜೊತೆ ಕಳೆಯಲಿ ಎಂಬುದಷ್ಟೇ ನನ್ನ ವಾದ.

ಇನ್ನೊಂದು ಎಚ್ಚರಿಕೆ ದೆಹಲಿಯಿಂದ ಬಂದಿದೆ. ದೆಹಲಿ ವಿಶ್ವವಿದ್ಯಾಲಯ 2013ರಲ್ಲಿ ನಾಲ್ಕು ವರ್ಷದ ಪದವಿ ತಂದಾಗ 11 ಬುನಾದಿ ಪತ್ರಿಕೆಗಳನ್ನು ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯ ಮಾಡಿತ್ತು. ಗೊತ್ತಿದ್ದವನೂ ಗೊತ್ತಿಲ್ಲದವನೂ ಒಂದೇ ಪಾಠಕ್ಕೆ ಕೂಡ್ರಬೇಕಾಯಿತು, ಪ್ರತಿಭಟನೆಗಳು ನಡೆದವು, 2014ರಲ್ಲಿ ಆ ಯೋಜನೆಯನ್ನೇ ಹಿಂದಕ್ಕೆ ಪಡೆಯಬೇಕಾಯಿತು. ಆದ್ದರಿಂದ ಪಿಯುಸಿಯಲ್ಲಿ ವಿಜ್ಞಾನ ಓದಿ ಬಂದ ಯಾರಿಗೂ ಬುನಾದಿ ವರ್ಷ ಕಡ್ಡಾಯವಾಗಬಾರದು. ಸಿದ್ಧರಿರುವವರು ನೇರವಾಗಿ ಮೂರು ವರ್ಷದ ಪದವಿಗೆ ಹೋಗಲಿ. ಬೇಕೆನ್ನುವವರು, ಅಧ್ಯಾಪಕರೊಂದಿಗೆ ಮಾತನಾಡಿ, ಒಂದು ಸಣ್ಣ ಪ್ರಾಯೋಗಿಕ ಪರೀಕ್ಷೆಯಲ್ಲಿ ತಮ್ಮ ಮಟ್ಟವನ್ನು ತಾವೇ ನೋಡಿಕೊಂಡು, ಬುನಾದಿ ವರ್ಷಕ್ಕೆ ಸೇರಲಿ. ಪಿಯುಸಿಯಲ್ಲಿ ಕಲಾ, ವಾಣಿಜ್ಯ ವಿಭಾಗದಲ್ಲಿದ್ದವರಿಗೆ ಮಾತ್ರ ಈ ವರ್ಷವನ್ನು ದಾಟಿಯೇ ಬಿ.ಎಸ್ಸಿ.ಗೆ ಬರುವ ನಿಯಮವಿರಲಿ.

ಹಣದ ವಿಚಾರವನ್ನು ಮರೆಮಾಚಬಾರದು. ಬುನಾದಿ ವರ್ಷದ ವಿದ್ಯಾರ್ಥಿಯನ್ನು ವಿಶ್ವವಿದ್ಯಾಲಯದ ನೋಂದಾಯಿತ ವಿದ್ಯಾರ್ಥಿ ಎಂದೇ ಪರಿಗಣಿಸದಿದ್ದರೆ ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಗುವುದಿಲ್ಲ, ವಿದ್ಯಾರ್ಥಿವೇತನ ಸಿಗುವುದಿಲ್ಲ, ಗಂಡುಮಕ್ಕಳಿಗೆ ಬಸ್ ಪಾಸೂ ಸಿಗುವುದಿಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ಬಸ್ಸಿನ ಖರ್ಚು ಇಲ್ಲದಂತಾಗಿರುವುದು ದೊಡ್ಡ ಅನುಕೂಲ. ಆ ಯೋಜನೆ ಬಂದ ಮೇಲೆ ನರಗುಂದ, ರೋಣ, ಶಿರಹಟ್ಟಿ ಕಡೆಯಿಂದ ದಿನವೂ ಓಡಾಡಿ ಓದುವ ಹುಡುಗಿಯರನ್ನು ಗದಗ ಬಸ್ ನಿಲ್ದಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಹಾಗೆಯೇ, ಕಲಿಸುವವರು ಯಾರು ಎಂಬ ಪ್ರಶ್ನೆಗೂ ಉತ್ತರ ಬೇಕು. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ದುಡಿಮೆಯ ಮೇಲೆ ನಡೆಯುತ್ತಿವೆ. ಅವರಲ್ಲಿ ಬಹಳ ಒಳ್ಳೆಯ ಗುರುಗಳಿದ್ದಾರೆ, ನಾನು ಅವರಿಂದ ಕಲಿತದ್ದೂ ಉಂಟು. ಆದರೆ ಮುಂದಿನ ವರ್ಷ ತಾನು ಇಲ್ಲಿರುತ್ತೇನೋ ಇಲ್ಲವೋ ಎಂದು ತಿಳಿಯದ ಉಪನ್ಯಾಸಕರ ಹೆಗಲಿಗೆ ಇಂಥ ನಾಜೂಕಿನ ವರ್ಷವನ್ನು ಪೂರ್ತಿಯಾಗಿ ಹೊರಿಸುವುದು ಅವರಿಗೂ ವಿದ್ಯಾರ್ಥಿಗಳಿಗೂ ಅನ್ಯಾಯ. ಕಾಲೇಜಿನ ಅತ್ಯಂತ ಅನುಭವಿ ಕಾಯಂ ಅಧ್ಯಾಪಕರೇ ಈ ತರಗತಿಯನ್ನು ವಹಿಸಿಕೊಳ್ಳಬೇಕು.

ಹೆಣ್ಣುಮಕ್ಕಳ ಪಾಲಕರ ಚಿಂತೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಒಂದು ವರ್ಷ ಹೆಚ್ಚು ಓದು ಎಂದರೆ ಮದುವೆಯ ಮಾತು ಒಂದು ವರ್ಷ ಮುಂದಕ್ಕೆ ಹೋಗಬೇಕು, ನೆಂಟರ ಪ್ರಶ್ನೆಗಳಿಗೆ ಇನ್ನೊಂದು ವರ್ಷ ಉತ್ತರ ಕೊಡಬೇಕು. ಆದರೆ ನಾನು ಕಂಡ ಮಟ್ಟಿಗೆ, ಓದನ್ನು ಅರ್ಧಕ್ಕೆ ಬಿಡಿಸಿ ಮದುವೆ ಮಾಡಿದ ಹುಡುಗಿಯರಲ್ಲಿ ಹೆಚ್ಚಿನವರು ಮೊದಲ ವರ್ಷದಲ್ಲಿ ಎರಡು-ಮೂರು ವಿಷಯಗಳಲ್ಲಿ ಫೇಲಾದವರು. "ಓದು ಹತ್ತಲಿಲ್ಲ, ಇನ್ನೇನು ಮಾಡೋದ್ರಿ" ಎಂದು ತಂದೆ ನನ್ನೆದುರು ಕೈಚೆಲ್ಲಿ ನಿಂತದ್ದು ಒಮ್ಮೆಯಲ್ಲ. ಮುಂಡರಗಿಯ ಆ ಹುಡುಗಿಯೂ ಎರಡನೆಯ ಸೆಮಿಸ್ಟರಿನ ನಂತರ ಕಾಲೇಜಿಗೆ ಬರಲಿಲ್ಲ. ನಾನು ಅವಳ ಮನೆಗೆ ಹೋದಾಗ ಅವಳ ಹೊಸ ಸಂಸಾರ ಕೊಪ್ಪಳದ ಕಡೆ ಇತ್ತು. ಅವಳ ದಾಖಲೆ ಪುಸ್ತಕವನ್ನು ಅವಳ ತಮ್ಮ ತಂದು ತೋರಿಸಿದ. ಗಾಳಿಯ ಗುಳ್ಳೆಗಳ ಆ ಚಿತ್ರದ ಪಕ್ಕದಲ್ಲಿ, ನಾನು ತೋರಿಸಿಕೊಟ್ಟ ಮೇಲೆ ಅವಳು ಬಿಡಿಸಿದ ಸರಿಯಾದ ಚಿತ್ರವೂ ಇತ್ತು. ಕೋಶಭಿತ್ತಿಗೆ ಎರಡು ಗೆರೆ, ಒಳಗೆ ಅಂಚಿಗೆ ಸರಿದ ಕೋಶಕೇಂದ್ರ, ಎಲ್ಲವೂ ಪೆನ್ಸಿಲಿನಿಂದ ಬಹಳ ಅಚ್ಚುಕಟ್ಟಾಗಿ.

ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಹಾವೇರಿ ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಲ್ಲಿ, ಉನ್ನತ ಶಿಕ್ಷಣ ಸಚಿವರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ತಲಾ ಒಂದು ಸರ್ಕಾರಿ ಪದವಿ ಕಾಲೇಜನ್ನು ಆರಿಸಿ, ಪ್ರತಿಯೊಂದರಲ್ಲಿ 40 ವಿದ್ಯಾರ್ಥಿಗಳಿಗೆ ಜೀವವಿಜ್ಞಾನದ ಬುನಾದಿ ವರ್ಷವನ್ನು ಪ್ರಾಯೋಗಿಕವಾಗಿ ಆರಂಭಿಸಲಿ. ಇಬ್ಬರಿಗೆ ಒಂದು ಸೂಕ್ಷ್ಮದರ್ಶಕದಂತೆ 20 ಸೂಕ್ಷ್ಮದರ್ಶಕ ಕೊಡಲಿ. ಪಠ್ಯವನ್ನು ಸಿದ್ಧಪಡಿಸುವ ಸಮಿತಿಯಲ್ಲಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕರೂ, ಕನ್ನಡ ಮಾಧ್ಯಮದ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರೂ ಇರಲಿ. ಮಗು ಯಾವ ಪದವನ್ನು ಎಲ್ಲಿ ಬಿಟ್ಟು ಬಂತು ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ. ನಾಲ್ಕು ವರ್ಷದ ಬಳಿಕ ಈ 120 ವಿದ್ಯಾರ್ಥಿಗಳ ಫಲಿತಾಂಶವನ್ನು ಅವರ ಜೊತೆಗೇ ಪದವಿ ಮುಗಿಸಿದ ಇತರರ ಫಲಿತಾಂಶದೊಂದಿಗೆ ಹೋಲಿಸಿ ಪ್ರಕಟಿಸಲಿ. ಪ್ರಯೋಜನವಾಗಿಲ್ಲವೆಂದು ಅಂಕಿ-ಅಂಶ ತೋರಿಸಿದರೆ ನಿಲ್ಲಿಸಲಿ, ನನ್ನ ಆಕ್ಷೇಪವಿಲ್ಲ.

ಈ ವರ್ಷದ ಪ್ರವೇಶ ಪ್ರಕಟಣೆ ಹೊರಡುವ ಮುನ್ನ ಇಷ್ಟಾದರೂ ತೀರ್ಮಾನವಾದರೆ, ಪ್ರಯೋಗಾಲಯದಲ್ಲಿ ಮಕ್ಕಳಿಗೆ ಸ್ಲೈಡ್ ಮಾಡುವುದನ್ನು ಕಲಿಸಲು ವಾರಕ್ಕೆ ಎರಡು ದಿನ ಸಂಬಳವಿಲ್ಲದೆ ಬರಲು ನಾನು ಸಿದ್ಧಳಿದ್ದೇನೆ. ನನ್ನಂತೆ ನಿವೃತ್ತರಾದ ನಾಲ್ಕೈದು ಮಂದಿ ಸಹೋದ್ಯೋಗಿಗಳೂ ಬರುವುದಾಗಿ ಹೇಳಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ,
ಗದಗ